ಮಕ್ಕಳ ಬಣ್ಣದ ಗಡಿಯಾರ: ಗುಮ್ಮನ ಕೆಲಸಕ್ಕೆ ಇಟ್ಟರೆ ಕೆಟ್ಟಿತು

ರಾತ್ರಿ ಮಲಗುವ ಹೊತ್ತಿಗೆ ಕೆಂಪು, ಬೆಳಿಗ್ಗೆ ಏಳುವ ಹೊತ್ತಿಗೆ ಹಸಿರು. ಮೊಲ, ಕರಡಿ ಮೂತಿಯ ಈ ಗಡಿಯಾರ ಮಾಡುವ ಕೆಲಸ ಇಷ್ಟೇ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಯ ಆಚೀಚೆಯಿಂದ ಸಿಗುತ್ತದೆ. ಬ್ರ್ಯಾಂಡ್ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ, ಹಾಗಾಗಿ ಈ ವಿಮರ್ಶೆ ಒಂದು ಮಾಡೆಲ್ಲಿನದಲ್ಲ, ಇಡೀ ಜಾತಿಯದು. ಹೊತ್ತಿಗೆ ಸರಿಯಾಗಿ ಮಲಗದ ಮಗುವನ್ನು ಬೈದು ಸುಸ್ತಾದವರು ಶಿಕ್ಷೆಯ ಬದಲಿಗೆ ಇರಲಿ ಎಂದು ಇದನ್ನು ತರಿಸುತ್ತಾರೆ. ತರಿಸಿದ ಮೇಲೆ ಇದನ್ನೇ ಶಿಕ್ಷೆಯಾಗಿ ಬಳಸುತ್ತಾರೆ. ಹಣ ದಂಡವಾಗುವುದು ಅಲ್ಲಿ.

ಮಲೆನಾಡಿನ ಮನೆಗಳಲ್ಲಿ ಮಲಗದ ಮಗುವಿಗೆ ಮದ್ದು ಬೇಕಾದಷ್ಟಿವೆ. ಅಟ್ಟದ ಮೇಲಿನ ಗುಮ್ಮ, ಕತ್ತಲೆ ಕೋಣೆ, ಒಂಟಿಕಾಲಲ್ಲಿ ನಿಲ್ಲಿಸುವುದು, ತುರಿಕೆ ಸೊಪ್ಪಿನ ಬೆದರಿಕೆ, ಊಟವಿಲ್ಲದೆ ಹಾಸಿಗೆ. ಇವು ಆ ರಾತ್ರಿಯ ಸದ್ದಡಗಿಸುತ್ತವೆಯೇ ಹೊರತು ನಿದ್ದೆ ತರುವುದಿಲ್ಲ. ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರಿ ಎದೆಬಡಿತ ಜೋರಾಗುತ್ತದೆ, ನಿದ್ದೆಗೆ ಬೇಕಾದದ್ದು ಅದರ ತದ್ವಿರುದ್ಧ. 3ರಿಂದ 6 ವರ್ಷದವರೆಗೆ ಕಲ್ಪನೆ ಯಾವುದು, ನಿಜ ಯಾವುದು ಎಂಬ ಗೆರೆ ತೆಳು. ಒಮ್ಮೆ ಗುಮ್ಮನನ್ನು ಅಟ್ಟ ಹತ್ತಿಸಿದರೆ ಅಲ್ಲಿ ಇಲಿ ಓಡಿದರೂ ಗುಮ್ಮನೇ, ಮಳೆ ಹೊಡೆತಕ್ಕೆ ತಗಡು ಬಡಿದರೂ ಗುಮ್ಮನೇ. ಆಮೇಲೆ ಮಗು ಒಂಟಿಯಾಗಿ ಮಲಗುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಶಿಕ್ಷೆ ಕೊಡುವುದಂತೂ ಎಲ್ಲಕ್ಕಿಂತ ವ್ಯರ್ಥ. 5 ವರ್ಷದೊಳಗೆ ಅದನ್ನು ಕಾಯಿಲೆ ಎಂದೇ ಎಣಿಸುವುದಿಲ್ಲ. ಗಾಢ ನಿದ್ದೆ, ಇನ್ನೂ ಬಲಿಯದ ಮೂತ್ರಕೋಶ, ಎಷ್ಟೋ ಸಲ ಮಲಬದ್ಧತೆ ಅದಕ್ಕೆ ಕಾರಣ, ಹಟವಲ್ಲ.

ಸೌಮ್ಯವಾಗಿ ಕಾಣುವ ಶಿಕ್ಷೆ ಇನ್ನೊಂದಿದೆ: 'ಮಾತು ಕೇಳಲಿಲ್ಲ, ಈಗಲೇ ಹೋಗಿ ಮಲಗು.' ದಿನಾ 9:30ಕ್ಕೆ ನಿದ್ದೆ ಹತ್ತುವ ಮಗುವನ್ನು 7:30ಕ್ಕೆ ಅಟ್ಟಿದರೆ ಅದಕ್ಕೆ ನಿದ್ದೆ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ರೂಢಿಯ ನಿದ್ದೆಯ ಹೊತ್ತಿಗೆ ಮುಂಚಿನ ಒಂದೆರಡು ಗಂಟೆಯಲ್ಲೇ ದೇಹ ಅತಿ ಎಚ್ಚರವಾಗಿರುವುದು. ಮಗು ಎರಡು ಗಂಟೆ ಹೊರಳಾಡುತ್ತದೆ, ಹಾಸಿಗೆ ಎಂದರೆ ಎಚ್ಚರವಾಗಿ ಬಿದ್ದಿರುವ ಜಾಗ ಎಂದು ಕಲಿಯುತ್ತದೆ. ಗಡಿಯಾರ ಕೊಂಡವರು ಮಾಡುವ ಮೊದಲ ತಪ್ಪೂ ಇದೇ. ಬಾಕ್ಸ್ ಬಿಚ್ಚಿದ ದಿನವೇ ಕೆಂಪು ದೀಪವನ್ನು ತಮಗೆ ಬೇಕಾದ ಹೊತ್ತಿಗೆ ಇಡುತ್ತಾರೆ.

ಸರಿಯಾದ ಕ್ರಮ ಹಿಂದಿನಿಂದ ಲೆಕ್ಕ ಹಾಕುವುದು. 3ರಿಂದ 5 ವರ್ಷಕ್ಕೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12ಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ ಶಾಲೆ ವ್ಯಾನಿಗಾಗಿ 6:30ಕ್ಕೆ ಏಳಬೇಕಾದ, ಹಗಲು ಮಲಗದ 5 ವರ್ಷದ ಮಗುವಿಗೆ ಕೊನೆಯ ಪಕ್ಷ 8:30ಕ್ಕಾದರೂ ನಿದ್ದೆ ಹತ್ತಬೇಕು. ಈಗ 10ಕ್ಕೆ ಮಲಗುತ್ತಿದ್ದರೆ ಮೊದಲ ಮೂರು ರಾತ್ರಿ ಕೆಂಪನ್ನು 10ಕ್ಕೇ ಇಡಿ. ಆಮೇಲೆ ಮೂರು ರಾತ್ರಿಗೊಮ್ಮೆ 15 ನಿಮಿಷ ಹಿಂದಕ್ಕೆ. ಆರು ಮೆಟ್ಟಿಲು, ಹದಿನೆಂಟು ದಿನ. ಹಸಿರಿನ ಹೊತ್ತನ್ನು ಭಾನುವಾರವೂ ಬದಲಿಸಬೇಡಿ, ದೇಹದ ಗಡಿಯಾರ ಕಟ್ಟಿಕೊಳ್ಳುವುದು ಏಳುವ ಹೊತ್ತಿಗೆ. ನಸುಕಿಗೇ ಎದ್ದು ಮನೆಯವರನ್ನೆಲ್ಲ ಎಬ್ಬಿಸುವ ಮಗುವಾದರೆ ಹಸಿರನ್ನು ಮೊದಲು ಅದು ಏಳುವ ಹೊತ್ತಿಗಿಂತ ಹತ್ತು ನಿಮಿಷ ತಡವಾಗಿ ಇಟ್ಟು, ಕಾದು ಗೆದ್ದ ಖುಷಿ ಸಿಕ್ಕ ಮೇಲೆ ನಿಧಾನಕ್ಕೆ ಮುಂದೆ ತಳ್ಳಬೇಕು.

ದೀಪದ ಬೆಳಕು ಅತಿ ಕಡಿಮೆ ಇರಲಿ. ಮಲಗುವ ಬಣ್ಣ ನೀಲಿಯೋ ಬಿಳಿಯೋ ಇರುವ ಮಾಡೆಲ್ ಬೇಡ, ಆ ಬೆಳಕು ನಿದ್ದೆಯ ಹಾರ್ಮೋನ್ ಮೆಲಟೋನಿನ್ ಅನ್ನು ತಡೆಯುತ್ತದೆ, ಕೆಂಪು ಅಷ್ಟು ತಡೆಯುವುದಿಲ್ಲ. ಸೊಳ್ಳೆಪರದೆಯ ಒಳಗೆ ಇಟ್ಟರೆ ಅದು ಆಟಿಕೆ. ಕೈಗೆ ಸಿಗದ ಗೋಡೆಗೂಡಿನಲ್ಲಿ, ಮಗುವಿಗೆ ಕಾಣುವ ಹಾಗೆ ಇಡಿ. ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ ಇದಕ್ಕೆ ಒಳ್ಳೆಯ ಜೋಡಿ. ಆದರೆ ಮಲಗುವುದಕ್ಕೆ ಒಂದು ಗಂಟೆ ಮೊದಲು. ಮೈ ಬಿಸಿಯಾಗಿ ಆಮೇಲೆ ತಣಿಯುವಾಗಲೇ ನಿದ್ದೆ ಬರುವುದು. ಮಿಂದ ತಕ್ಷಣ ಕಂಬಳಿ ಹೊದಿಸಿದರೆ ಆ ಲಾಭವಿಲ್ಲ.

ಗಡಿಯಾರದ ಜೊತೆ ಬರದ, ಆದರೆ ಅದಕ್ಕಿಂತ ಹೆಚ್ಚು ಕೆಲಸ ಮಾಡುವ ವಸ್ತು ಒಂದು ರಟ್ಟಿನ ಚೀಟಿ. ಹಳೆಯ ಮದುವೆ ಕಾಗದ ಕತ್ತರಿಸಿದರೂ ಆದೀತು. ಕೆಂಪು ಹತ್ತಿದ ಮೇಲೆ ಒಂದು ಚೀಟಿಗೆ ಒಂದು ಸಲ ಎದ್ದು ಬರಬಹುದು: ನೀರು, ಬಚ್ಚಲು, ಅಪ್ಪುಗೆ, ಏನಾದರೊಂದು, ಮೂರು ನಿಮಿಷದೊಳಗೆ. ಆಮೇಲೆ ಚೀಟಿ ದೊಡ್ಡವರ ಕೈಗೆ. ಬಳಸದೆ ಉಳಿಸಿದರೆ ಬೆಳಿಗ್ಗೆ ಸಣ್ಣ ಉಡುಗೊರೆ, ತಿಂಡಿ ಏನೆಂದು ಆರಿಸುವ ಹಕ್ಕಿನಂಥದ್ದು. ಈ ಉಪಾಯದ ಬಗ್ಗೆ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಇದ್ದದ್ದು 3 ಮತ್ತು 10 ವರ್ಷದ ಇಬ್ಬರೇ ಮಕ್ಕಳು. 2007ರಲ್ಲಿ 3ರಿಂದ 6 ವರ್ಷದ 19 ಮಕ್ಕಳೊಂದಿಗೆ ಮತ್ತೆ ನೋಡಿದಾಗಲೂ ಫಲಿಸಿತು. ದೊಡ್ಡ ಸಂಖ್ಯೆಯಲ್ಲ, ಖರ್ಚೂ ಇಲ್ಲ.

ಕೈಕೊಡುವುದು ಸಾಮಾನ್ಯವಾಗಿ ಮೊದಲ ವಾರದಲ್ಲೇ. ನಿಯಮ ಶುರುವಾದ ಕೂಡಲೇ ಅಳು ಹೆಚ್ಚುತ್ತದೆ, ಅದು ಸಹಜ. ಆಗ ಅಮ್ಮ ಗಟ್ಟಿಯಾಗಿದ್ದು, ಅಜ್ಜಿ 'ಪಾಪ ಕೂಸು' ಎಂದು ಹಾಲಿನ ಲೋಟ ಹಿಡಿದು ಬಂದರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂಬುದೇ ಪಾಠವಾಗುತ್ತದೆ. ಮನೆಯವರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಚೀಟಿ ಮುಗಿದ ಮೇಲೆ ಮಗು ಬಂದರೆ ಬೈಗುಳವಿಲ್ಲ, ಉಪದೇಶವಿಲ್ಲ. ಕೈ ಹಿಡಿದು ವಾಪಸ್ ಮಲಗಿಸುವುದು, ಅಷ್ಟೇ. 'ಕೆಂಪು ಇದ್ದಾಗ ಎದ್ದರೆ ನೋಡು' ಎಂದಿರೋ, ಗಡಿಯಾರವೇ ಗುಮ್ಮ. ಜ್ವರ, ಕಿವಿನೋವು, ಕೆಟ್ಟ ಕನಸಿನ ರಾತ್ರಿ ನಿಯಮ ಬದಿಗಿಡಿ.

ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳದಲ್ಲಿ ತಡರಾತ್ರಿಯವರೆಗೆ ದೀಪ, ಮಾತು, ನಗು. ಒಳಗೆ ಮೊಲದ ಮೂತಿ ಕೆಂಪಾದರೆ ಯಾವ ಮಗು ಮಲಗೀತು? ಸುಗ್ಗಿ ಮುಗಿದ ಮೇಲೆ ಶುರು ಮಾಡಿ.

ಎರಡೂವರೆ ವರ್ಷದ ಕೆಳಗಿನವರಿಗೆ ಇದು ಬರೀ ಬೆಳಕು. ಗಂಟೆ ಓದಲು ಬರುವ ಮಕ್ಕಳಿಗೆ ಗೋಡೆ ಗಡಿಯಾರವೇ ಸಾಕು.

ಕೊಳ್ಳುವಾಗ ನೋಡಬೇಕಾದದ್ದು ಕರೆಂಟಿನ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಹೊಸನಗರ, ಆಗುಂಬೆ ಕಡೆ ರಾತ್ರಿಯಿಡೀ ಕತ್ತಲು. ಪ್ಲಗ್ಗಿನಿಂದ ಮಾತ್ರ ಓಡುವ ಮಾಡೆಲ್ ಕರೆಂಟ್ ಬಂದಾಗ 12:00 ಎಂದು ಮಿಟುಕುತ್ತಾ, ಹೊತ್ತಲ್ಲದ ಹೊತ್ತಿಗೆ ಹಸಿರಾಗುತ್ತದೆ. ಒಳಗೇ ಚಾರ್ಜ್ ಆಗುವ ಬ್ಯಾಟರಿ ಇರುವುದನ್ನು ತರಿಸಿ, ಬಂದ ದಿನವೇ ವಯರ್ ಕಿತ್ತು ಹತ್ತು ನಿಮಿಷ ಬಿಟ್ಟು ಸಮಯ ಉಳಿದಿದೆಯೇ ನೋಡಿ. ಇಲ್ಲವಾದರೆ ವಾಪಸ್ ಕಳಿಸಿ. ಚಾರ್ಜ್ ಹಗಲಲ್ಲಿ, ಹಾಸಿಗೆಯಿಂದ ದೂರ. ಥಂಡಿಗೆ ಚಾರ್ಜಿಂಗ್ ಪಿನ್ ಹಸಿರುಗಟ್ಟುವುದರಿಂದ ರಬ್ಬರ್ ಮುಚ್ಚಳ ಇರುವುದು ವಾಸಿ.

ಸಮಯ ಉಳಿಸಲು ಬಟನ್ ಸೆಲ್ ಹಾಕುವ ಮಾಡೆಲ್ ಬಂದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. 20 ಮಿಲಿಮೀಟರ್‌ನ ಲಿಥಿಯಂ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗೆ ಸುಟ್ಟುಬಿಡಬಲ್ಲದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಎಕ್ಸ್‌ರೇ ಇರುವ ಹತ್ತಿರದ ಆಸ್ಪತ್ರೆಗೆ ಓಡಬೇಕು. ಆಗುಂಬೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಘಟ್ಟದ ಮನೆಗಳಿಗೆ ಬಟನ್ ಸೆಲ್ಲಿನ ಮಾಡೆಲ್ ಬೇಡವೇ ಬೇಡ.