ಹೊಸ ವಿಂಡೋಸ್‌ನ ಒಳಗೆ ಹಳೆಯ ಎಕ್ಸ್‌ಪಿ: ವರ್ಚುವಲ್‌ಬಾಕ್ಸ್ 7ರ ಪರಿಶೀಲನೆ

2001ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಕನ್ನಡದ ಮುದ್ರಣಲೋಕಕ್ಕೆ ಮಾತ್ರ ಅದರ ಅಗತ್ಯ ಇನ್ನೂ ತೀರಿಲ್ಲ. ಆ ಕಾಲದ ಕಾದಂಬರಿ, ಸ್ಮರಣಸಂಚಿಕೆ, ಅಭಿನಂದನ ಗ್ರಂಥಗಳಲ್ಲಿ ಬಹಳಷ್ಟು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಪುಟ ಕಟ್ಟಿದಂಥವು. ಅವುಗಳ ಅಕ್ಷರಗಳು ನುಡಿ, ಬರಹ ಅಥವಾ ಶ್ರೀಲಿಪಿಯವು. ಈ ಫಾಂಟುಗಳು ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯವಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿರುವುದರಿಂದ, ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೋಜಲು ಮಾತ್ರ. ಅಡೋಬಿಯ ಇನ್‌ಡಿಸೈನ್ ಸಹ ಸಿಎಸ್6ರ ನಂತರ ಪೇಜ್‌ಮೇಕರ್ ಕಡತಗಳನ್ನು ತೆರೆಯುವುದನ್ನು ಬಿಟ್ಟಿದೆ. ಪಠ್ಯವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳೇನೋ ಇವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಕೂಡಿದ ಕಡೆ ಅವು ಎಡವುವುದುಂಟು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ತಿಳಿದು ಕೆಡಿಸುವುದುಂಟು. ಹೀಗಾಗಿ ನಾಲ್ಕು ತಿದ್ದುಪಡಿ ಮಾಡಿ ಮರುಮುದ್ರಣಕ್ಕೆ ಕಳಿಸಬೇಕಾದ ಪುಸ್ತಕವೊಂದಿದ್ದರೆ, ಅದು ಹುಟ್ಟಿದ ವ್ಯವಸ್ಥೆಯಲ್ಲಿಯೇ ಅದನ್ನು ತೆರೆಯುವುದು ಎಲ್ಲಕ್ಕಿಂತ ಹತ್ತಿರದ ದಾರಿ. ಇಂಥ ಕೆಲಸಕ್ಕೆ, ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು ಕಟ್ಟಿ ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ಎಷ್ಟು ಯೋಗ್ಯವೆಂಬುದಷ್ಟೇ ಈ ಪರಿಶೀಲನೆಯ ವಿಷಯ.

ಇದಕ್ಕೆ ಬೇರೆ ದಾರಿಗಳೂ ಇವೆ. ಹಳೆಯ ಕಂಪ್ಯೂಟರನ್ನೇ ಜೋಪಾನ ಮಾಡಿಕೊಂಡು ಬರುವವರಿದ್ದಾರೆ; ಅದರ ಹಾರ್ಡ್‌ಡಿಸ್ಕ್ ಕೈಕೊಟ್ಟ ದಿನ ಆ ಉಪಾಯವೂ ಮುಗಿಯುತ್ತದೆ. ಒಂದೇ ಯಂತ್ರದಲ್ಲಿ ಎರಡು ವಿಂಡೋಸ್ ಹಾಕಿ, ಚಾಲೂ ಮಾಡುವಾಗ ಬೇಕಾದದ್ದನ್ನು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಆಗಲೂ ಅದು ನಿರಾತಂಕವಾಗಿರಲಿಲ್ಲ: ವಿಸ್ತಾ ಅಥವಾ ವಿಂಡೋಸ್ 7ರ ಪಕ್ಕದಲ್ಲಿ ಎಕ್ಸ್‌ಪಿಯನ್ನು ಚಾಲೂ ಮಾಡಿದರೆ ಹೊಸ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸಲು ಉಳಿಸಿಟ್ಟ ರಿಸ್ಟೋರ್ ಪಾಯಿಂಟುಗಳು ಅಳಿಸಿಹೋಗುತ್ತಿದ್ದವು. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳು ಎಕ್ಸ್‌ಪಿಗೆ ತಿಳಿಯದ ಯುಇಎಫ್‌ಐ ಎಂಬ ಹೊಸ ಪದ್ಧತಿಯ ಮೂಲಕವಷ್ಟೇ ಚಾಲೂ ಆಗುತ್ತವೆ, ಅವುಗಳ ಬಿಡಿಭಾಗಗಳಿಗೆ ಎಕ್ಸ್‌ಪಿಯ ಡ್ರೈವರುಗಳೂ ಇಲ್ಲ. ಆದ್ದರಿಂದ ಈಗ ಆ ಮಾತೇ ಏಳುವುದಿಲ್ಲ. ಏಳುವಂತಿದ್ದರೂ, ಲೇಖಕರು ಮಿಂಚಂಚೆಯಲ್ಲಿ ಕಳಿಸಿದ ಒಂದು ಪ್ಯಾರಾವನ್ನು ನೋಡಿ ಬರಲು ಇಡೀ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವ ವ್ಯವಧಾನ ಡಿಟಿಪಿಯವರಿಗೆ ಎಲ್ಲಿಂದ ಬರಬೇಕು? ವಿಂಡೋಸ್ 7ರ ಪ್ರೊಫೆಷನಲ್ ಮತ್ತು ಮೇಲಿನ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ತಾನೇ, ಹೊಸ ವಿಂಡೋಸ್‌ನೊಳಗೇ ಎಕ್ಸ್‌ಪಿಯನ್ನು ಓಡಿಸುವ ‘ಎಕ್ಸ್‌ಪಿ ಮೋಡ್’ ಒದಗಿಸಿತ್ತು. ವಿಂಡೋಸ್ 8ರಿಂದ ಆಚೆಗೆ ಆ ಸೌಲಭ್ಯ ಮುಂದುವರಿಯಲಿಲ್ಲ.

ವರ್ಚುವಲ್‌ಬಾಕ್ಸ್ ಮಾಡುವುದು ಆ ಎಕ್ಸ್‌ಪಿ ಮೋಡ್‌ನ ಕೆಲಸವನ್ನೇ. ಜರ್ಮನಿಯ ಇನ್ನೊಟೆಕ್ ಸಂಸ್ಥೆ 2007ರಲ್ಲಿ ಹೊರತಂದ ಈ ತಂತ್ರಾಂಶ 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಪಾಲಾಗಿ, 2010ರಲ್ಲಿ ಸನ್ ಜೊತೆಗೇ ಒರಾಕಲ್‌ಗೆ ಸೇರಿತು. ಇದರ ಮೂಲ ಭಾಗ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ‘ಎಕ್ಸ್‌ಟೆನ್ಶನ್ ಪ್ಯಾಕ್’ ಎಂಬ ಪೂರಕ ಭಾಗ ಮಾತ್ರ ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಉಚಿತವಾಗಿದ್ದು, ವಾಣಿಜ್ಯ ಬಳಕೆಗೆ ಪರವಾನಗಿ ಕೊಳ್ಳಬೇಕಾಗುತ್ತದೆ. ಹಿಂದೆ ಯುಎಸ್‌ಬಿ 2.0 ಸೌಲಭ್ಯ ಈ ಪೂರಕದಲ್ಲಿತ್ತು. 2022ರಲ್ಲಿ ಬಂದ 7ನೇ ಆವೃತ್ತಿಯಲ್ಲಿ ಅದನ್ನು ಮೂಲ ಭಾಗಕ್ಕೇ ಸೇರಿಸಿದ್ದಾರೆ. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆದುಕೊಳ್ಳುವ ತಂತ್ರಾಂಶವಿರುವ ಸಣ್ಣ ಮುದ್ರಣಾಲಯಗಳಿಗೆ ಇದು ದೊಡ್ಡ ಅನುಕೂಲ. ಪೂರಕವನ್ನು ಅವರು ಮುಟ್ಟಲೇಬೇಕಾಗಿಲ್ಲ.

ಸ್ಥಾಪನೆಯಲ್ಲಿ ತಿಳಿದಿರಬೇಕಾದ ಗುಟ್ಟು ಒಂದೇ: ಎಕ್ಸ್‌ಪಿಗೆ ಅದರ ಕಾಲದ ಯಂತ್ರಾಂಶವನ್ನೇ ತೋರಿಸಬೇಕು. ಈಗಿನ ಸಾಟಾ ಬಗೆಯ ಡಿಸ್ಕನ್ನು ಗುರುತಿಸುವ ಡ್ರೈವರ್ ಎಕ್ಸ್‌ಪಿಯ ಸಿಡಿಯಲ್ಲಿಲ್ಲ. ಆದ್ದರಿಂದ ಡಿಸ್ಕ್ ಹಳೆಯ ಬಗೆಯ ಐಡಿಇ ನಿಯಂತ್ರಕದ ಮೇಲಿರಬೇಕು, ಇಲ್ಲವಾದರೆ 7ಬಿ ಸಂಖ್ಯೆಯ ನೀಲಿ ಪರದೆ ಎದುರಾಗುತ್ತದೆ. ಧ್ವನಿಗೆ ಎಸಿ97 ಎಂಬ ಹಳೆಯ ಬಗೆ ಸಾಕು, ಪ್ರೊಸೆಸರ್ ಒಂದು ಸಾಕು. 512 ಎಂಬಿ ರ್‍ಯಾಮ್ ಕೊಟ್ಟರೆ ಪೇಜ್‌ಮೇಕರ್ ಸಲೀಸಾಗಿ ಓಡುತ್ತದೆ; ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡಿದ್ದು 128 ಎಂಬಿಯನ್ನಷ್ಟೇ ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಹೊಸ ಯಂತ್ರ ರಚಿಸುವಾಗ ಪಟ್ಟಿಯಲ್ಲಿ 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿಯನ್ನು ಆರಿಸಿದರೆ ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಂದಿಕೊಳ್ಳುತ್ತವೆ. ಎಕ್ಸ್‌ಪಿಯ ಸಿಡಿಯನ್ನೂ ಕೀಲಿಸಂಖ್ಯೆಯನ್ನೂ ನಾವೇ ಒದಗಿಸಿಕೊಳ್ಳಬೇಕು. ಹಳೆಯ ಕಂಪ್ಯೂಟರಿನ ಜೊತೆಗೆ ಬಂದ ಓಇಎಂ ಪರವಾನಗಿ ಆ ಯಂತ್ರಕ್ಕಷ್ಟೇ ಸಲ್ಲುವುದೆಂಬುದನ್ನು ಮರೆಯಬಾರದು.

ಜಾಲಸಂಪರ್ಕದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಎಕ್ಸ್‌ಪಿಗೆ ಅಂತರಜಾಲ ಕೊಡಕೂಡದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆದುಹಾಕಬೇಕು. ಬೆಂಬಲ ನಿಂತು ಮೂರು ವರ್ಷವಾದ ಮೇಲೂ, 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶದ ದಾಳಿಯ ಸಮಯದಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗಾಗಿ ವಿಶೇಷ ಪರಿಹಾರವೊಂದನ್ನು ಬಿಡುಗಡೆ ಮಾಡಬೇಕಾಯಿತೆಂದರೆ ಅಪಾಯದ ಪ್ರಮಾಣವನ್ನು ಊಹಿಸಬಹುದು. ಹೀಗೆ ಜಾಲ ಕಡಿದುಹಾಕಿದರೆ ನಷ್ಟವಾದರೂ ಏನು? ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಇಂದಿನ ಸುರಕ್ಷಿತ ಸಂಪರ್ಕದ ವಿಧಾನಗಳು ಅರ್ಥವಾಗುವುದಿಲ್ಲ, ಹೆಚ್ಚಿನ ಜಾಲತಾಣಗಳು ಅದರಲ್ಲಿ ತೆರೆಯುವುದೂ ಇಲ್ಲ.

ದಿನನಿತ್ಯದ ಬಳಕೆಯಲ್ಲಿ ವರ್ಚುವಲ್‌ಬಾಕ್ಸ್ ಸಮಾಧಾನ ಕೊಡುತ್ತದೆ. ಎಕ್ಸ್‌ಪಿಯೊಳಗೆ ವರ್ಚುವಲ್‌ಬಾಕ್ಸ್‌ನ ‘ಗೆಸ್ಟ್ ಅಡಿಷನ್ಸ್’ ಎಂಬ ಸಹಾಯಕ ತಂತ್ರಾಂಶ ಹಾಕಿಕೊಂಡರೆ ಮೌಸ್ ಎರಡೂ ಕಡೆ ತಡೆಯಿಲ್ಲದೆ ಓಡಾಡುತ್ತದೆ, ಪರದೆ ಬೇಕಾದ ಅಳತೆಗೆ ಹಿಗ್ಗುತ್ತದೆ, ಎರಡು ವ್ಯವಸ್ಥೆಗಳ ನಡುವೆ ಹಂಚಿಕೆಯ ಫೋಲ್ಡರ್ ಒಂದನ್ನು ಇರಿಸಿಕೊಳ್ಳಬಹುದು. ಈ ಫೋಲ್ಡರಿನಲ್ಲಿಡುವ ಕಡತಗಳಿಗೆ ಕನ್ನಡ ಲಿಪಿಯಲ್ಲಿ ಹೆಸರಿಡದಿರುವುದು ಒಳಿತು, ಏಕೆಂದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು, ಅಂಥ ಹೆಸರುಗಳು ಅದಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕನ್ನಡದ ಕೀಲಿಮಣೆ ತಂತ್ರಾಂಶವನ್ನು ಒಳಗೂ ಹೊರಗೂ ಏಕಕಾಲಕ್ಕೆ ಚಾಲೂ ಇಡದಿರುವುದೂ ಕ್ಷೇಮ. ನಕಲು ಮಾಡಿ ಅಂಟಿಸುವ ಸೌಲಭ್ಯ ಎರಡು ವ್ಯವಸ್ಥೆಗಳ ನಡುವೆಯೂ ಇದೆಯಾದರೂ, ನುಡಿ ಫಾಂಟಿನ ಪಠ್ಯ ಹೊರಗೆ ಬಂದಾಗ ರೋಮನ್ ಗೋಜಲಾಗಿಯೇ ಬರುತ್ತದೆ. ಅದು ವರ್ಚುವಲ್‌ಬಾಕ್ಸ್‌ನ ದೋಷವಲ್ಲ.

ಮುದ್ರಣಕ್ಕಾಗಿ ಎಕ್ಸ್‌ಪಿಯೊಳಗೆ ಹೊಸ ಪ್ರಿಂಟರಿನ ಡ್ರೈವರ್ ಹುಡುಕುವುದು ವ್ಯರ್ಥ ಶ್ರಮ. ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಬಲ್ಲ ಪ್ರಿಂಟರ್ ಒಂದನ್ನು ಹೆಸರಿಗೆ ಸ್ಥಾಪಿಸಿಕೊಂಡು, ಫಾಂಟುಗಳನ್ನು ಒಳಗೊಂಡಂತೆ ಪುಟಗಳನ್ನು ಕಡತವಾಗಿ ಮುದ್ರಿಸಿ, ಅದನ್ನು ಹಂಚಿಕೆಯ ಫೋಲ್ಡರಿಗೆ ತಂದು, ಹೊಸ ವಿಂಡೋಸ್‌ನಲ್ಲಿ ಹಾಕಿಕೊಂಡ ಘೋಸ್ಟ್‌ಸ್ಕ್ರಿಪ್ಟ್ ಎಂಬ ಪರಿವರ್ತಕದ ಮೂಲಕ ಪಿಡಿಎಫ್ ಮಾಡಿಕೊಂಡರೆ ಪುಟದ ಒಂದು ಸಾಲೂ ಅತ್ತಿತ್ತ ಸರಿಯುವುದಿಲ್ಲ. ಹಳೆಯ ಪುಸ್ತಕದ ಪುಟಸಂಖ್ಯೆ, ಪದಸೂಚಿ ಎಲ್ಲವೂ ಇದ್ದಂತೆಯೇ ಉಳಿಯುತ್ತವೆ.

ಕೊರತೆಗಳೂ ಇವೆ. ವಿಂಡೋಸ್ 11ರಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಸೌಲಭ್ಯ ಚಾಲೂ ಇದ್ದರೆ, ವರ್ಚುವಲ್‌ಬಾಕ್ಸ್ ಪ್ರೊಸೆಸರನ್ನು ನೇರವಾಗಿ ಬಳಸಲಾಗದೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಎಂಬ ನಡುಪದರದ ಮೂಲಕ ಹಾದುಹೋಗುತ್ತದೆ. ಆಗ ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಮೂಡುತ್ತದೆ, ಕೆಲಸವೂ ಆಮೆಯ ಕಡೆಗೆ ವಾಲುತ್ತದೆ. ಆಮೆಯನ್ನು ಓಡಿಸಲು ಆ ಭದ್ರತೆಯನ್ನೇ ಆರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಳೆಯದಕ್ಕಾಗಿ ಹೊಸದರ ಬಾಗಿಲು ತೆರೆದಿಡುವ ಆ ಸಲಹೆ ನನಗೆ ಒಪ್ಪಿಗೆಯಿಲ್ಲ, ಪುಟವಿನ್ಯಾಸದಂಥ ಕೆಲಸ ಆ ನಿಧಾನವನ್ನು ತಾಳಿಕೊಳ್ಳುತ್ತದೆ. 6.1ನೇ ಆವೃತ್ತಿಯಿಂದ ಈಚೆಗೆ ಎಕ್ಸ್‌ಪಿಗೆ ಮೂರು ಆಯಾಮದ ಗ್ರಾಫಿಕ್ಸ್ ಬೆಂಬಲವಿಲ್ಲದಿರುವುದರಿಂದ ಹಳೆಯ ಆಟಗಳಿಗಾಗಿ ಬರುವವರಿಗೆ ನಿರಾಶೆಯಾದೀತು. ಅಂಥವರು ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ನೋಡಬಹುದು. 2024ರ ನವೆಂಬರಿನಿಂದ ಅದು ವಾಣಿಜ್ಯ ಬಳಕೆಗೂ ಉಚಿತವಾಗಿದೆ, ಇಳಿಸಿಕೊಳ್ಳಲು ಮಾತ್ರ ಅದರ ಒಡೆತನದ ಬ್ರಾಡ್‌ಕಾಮ್ ಸಂಸ್ಥೆಯ ತಾಣದಲ್ಲಿ ನೋಂದಾಯಿಸಿಕೊಳ್ಳುವ ಕಾಟವಿದೆ. ಆಪಲ್‌ನ ಎಂ ಸರಣಿಯ ಮ್ಯಾಕ್ ಇರುವವರಿಗೆ ಎಕ್ಸ್‌ಪಿ ಓಡಿಸಲು ವರ್ಚುವಲ್‌ಬಾಕ್ಸ್ ಉಪಯೋಗಕ್ಕೆ ಬಾರದು. ಅಲ್ಲಿ ಯುಟಿಎಂ ಎಂಬ ತಂತ್ರಾಂಶ ಇಂಟೆಲ್ ಮಾದರಿಯ ಪ್ರೊಸೆಸರನ್ನೇ ಅನುಕರಿಸಿ ಎಕ್ಸ್‌ಪಿಯನ್ನು ಓಡಿಸುತ್ತದೆ, ವೇಗದ ಆಸೆಯನ್ನು ಬಿಟ್ಟಿರಬೇಕು.

ಇನ್ನು ‘ಸ್ನ್ಯಾಪ್‌ಶಾಟ್’. ಫಾಂಟು, ಪೇಜ್‌ಮೇಕರ್ ಎಲ್ಲ ಸರಿಯಾಗಿ ಕುಳಿತ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಮುಂದೆ ಏನೇ ಕೆಟ್ಟರೂ ಆ ಸ್ಥಿತಿಗೆ ಮರಳಬಹುದು. ಆದರೆ ಕಂಡಕಂಡಾಗಲೆಲ್ಲ ತೆಗೆಯುತ್ತ ಹೋದರೆ ಡಿಸ್ಕ್ ತುಂಬುತ್ತದೆ. ಅದಕ್ಕಿಂತ ಎಕ್ಸ್‌ಪಿಯನ್ನು ಪೂರ್ತಿ ಆರಿಸಿ, ‘ಎಕ್ಸ್‌ಪೋರ್ಟ್ ಅಪ್ಲಯನ್ಸ್’ ಆಯ್ಕೆಯಿಂದ ಆ ಇಡೀ ವ್ಯವಸ್ಥೆಯನ್ನು ಒಳಗೊಂಡ ಓವಿಎ ಕಡತವೊಂದನ್ನು ಮಾಡಿ ಹೊರಗಿನ ಡಿಸ್ಕಿನಲ್ಲಿಟ್ಟುಕೊಳ್ಳುವುದು ಲೇಸು: ಮುಂದಿನ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಅದನ್ನು ಇಂಪೋರ್ಟ್ ಮಾಡಿದರೆ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್ ಮೂರನ್ನೂ ಹೊಸದಾಗಿ ಸ್ಥಾಪಿಸುವ ಕೆಲಸ ತಪ್ಪುತ್ತದೆ.