ಕೋಲಾರದ ಮನೆಕೂಟಕ್ಕೆ ಯಾವ ಸತ್ಯವೇದ, ಎಂಥ ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇವೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆ ವಾರಕ್ಕೊಮ್ಮೆ ಸೇರಿ ಓದುವ ಮನೆಕೂಟಕ್ಕೆ ಸತ್ಯವೇದ, ಅಂದರೆ ಕನ್ನಡ ಬೈಬಲ್, ತರುವುದಾದರೆ, ಬೈಬಲ್ ಸೊಸೈಟಿಯ ಹಳೆಯ ಶೈಲಿಯ ಜೆ.ವಿ. ಅನುವಾದದ ಒಂದು ಪ್ರತಿ ನಡುವೆ ಇರಲಿ. ಹೊಸಬರ ಕೈಗೆ ಸರಳ ಭಾಷೆಯ 'ಪರಿಶುದ್ಧ ಬೈಬಲ್' ಕೊಡಿ. ಒಂದೆರಡು ಫೋನಿನಲ್ಲಿ ಬೈಬಲ್ ಓದುವ ಯೂವರ್ಷನ್ ಆ್ಯಪ್ ಇದ್ದರೆ ಸಾಕು. ಇಷ್ಟೂ ಇದ್ದು, ಮಕ್ಕಳು ಶಾಲೆಗೆ ಒಯ್ಯುವಂಥ 200 ಪುಟದ ನೋಟ್‌ಬುಕ್ ತಲೆಗೊಂದು ಇಲ್ಲದಿದ್ದರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಭಾಷೆ ಎಷ್ಟು ಚೆಂದ ಅನ್ನುವುದು ಇಲ್ಲಿ ಅಳತೆಗೋಲಲ್ಲ. ಪುಸ್ತಕ ಮುಚ್ಚಿದ ಮೇಲೆ ಶನಿವಾರದೊಳಗೆ ತಾನೇನು ಮಾಡಬೇಕು ಅಂತ ಓದಿದವರಿಗೆ ಗೊತ್ತಾಯಿತೇ, ಅದನ್ನಷ್ಟೇ ನೋಡಿದ್ದೇವೆ.

ಜೆ.ವಿ.ಯ ಬಲ ಅದರ ಕ್ರಿಯಾಪದಗಳಲ್ಲಿದೆ. ಆಜ್ಞೆಗಳನ್ನು 'ಕೈಕೊಂಡು ನಡೆ' ಅನ್ನುತ್ತದೆ. ಒಂದೇ ಮಾತಿನಲ್ಲಿ ಕೈಯೂ ಬಂತು, ಕಾಲೂ ಬಂತು. 'ವಿಧೇಯತೆ' ಅಂದರೆ ತಲೆ ಬಗ್ಗಿಸಿ ಕೂರುವುದು ಅಂದುಕೊಂಡವರಿಗೆ ಇದು ಬೇರೆಯೇ ಚಿತ್ರ ಕೊಡುತ್ತದೆ. ಇನ್ನೊಂದು ಲಾಭ ನಮ್ಮ ಭಾಷೆಯೇ ಕೊಟ್ಟದ್ದು. 'ನಮ್ಮ ಹುಡುಗ ಮಾತು ಕೇಳಲ್ಲ' ಅಂದರೆ ಅವನಿಗೆ ಕಿವುಡು ಅಂತ ಯಾರೂ ತಿಳಿಯುವುದಿಲ್ಲ. ಹೀಬ್ರೂವಿನ 'ಶಮಾ' ಪದವೂ ಹೀಗೇ, ಕೇಳುವುದು ಮತ್ತು ಕೇಳಿದಂತೆ ಮಾಡುವುದು ಎರಡಕ್ಕೂ ಒಂದೇ. ಗ್ರೀಕಿನ ವಿಧೇಯತೆಯ ಪದದೊಳಗೂ 'ಕೇಳು' ಅಡಗಿದೆ. 1 ಸಮುವೇಲ 15ನೇ ಅಧ್ಯಾಯವನ್ನು ಇದೇ ಕಿವಿಯಲ್ಲಿ ಓದಿಸಿ. ಶತ್ರುಗಳ ಕುರಿದನ ಒಂದನ್ನೂ ಉಳಿಸಬೇಡ ಅಂತ ದೇವರ ಆಜ್ಞೆ. ಎಲ್ಲಾ ಹೇಳಿದಂತೆ ಮಾಡಿದೆ ಅನ್ನುತ್ತಾನೆ ಅರಸ ಸೌಲ, ಹಿಂದಿನಿಂದ ಕುರಿಗಳು ಅರಚುತ್ತಿರುತ್ತವೆ. ಯಜ್ಞಕ್ಕೆ ಅಂತ ಉಳಿಸಿಕೊಂಡದ್ದಂತೆ! ಈ ಭಾಗಕ್ಕೆ ವಿವರಣೆಯೇ ಬೇಕಾಗುವುದಿಲ್ಲ.

ಜೆ.ವಿ.ಯ ತೊಡಕು ಹಳೆಯ ರೂಪಗಳು: 'ಮಾಡುವದಕ್ಕೆ', 'ಆಗಿರ್ರಿ'. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವರೂ ಸಾಕಷ್ಟಿರುವ ಈ ಜಿಲ್ಲೆಯಲ್ಲಿ ಗಟ್ಟಿಯಾಗಿ ಓದುವಾಗ ನಾಲಿಗೆ ತಡವರಿಸುತ್ತದೆ. ನರಸಾಪುರದ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದ ಹುಡುಗರಂತೂ ಎರಡನೇ ವಚನಕ್ಕೇ ಸುಸ್ತು. ಅವರಿಗೆ 'ಪರಿಶುದ್ಧ ಬೈಬಲ್'. ವಾಕ್ಯ ಚಿಕ್ಕವು, ಅರ್ಥ ಒಂದೇ ಓದಿಗೆ ಸಿಗುತ್ತದೆ. ಬಿಡಿಸಿ ಹೇಳುವ ಭರದಲ್ಲಿ ಕೆಲವು ಕಡೆ ಬಿಗಿ ಸಡಿಲವಾಗಿದೆ ಅನ್ನುವುದು ನಮ್ಮ ತಕರಾರು. ಬೈಬಲ್ ಸೊಸೈಟಿಯದೇ ಸಿ.ಎಲ್. ಅನುವಾದವೂ ಓದಲು ಹಗುರ, ಆದರೆ ದೇವರ ಹೆಸರು ಜೆ.ವಿ.ಯಲ್ಲಿ 'ಯೆಹೋವ', ಅಲ್ಲಿ 'ಸರ್ವೇಶ್ವರ'. ಒಂದೇ ಕೂಟದಲ್ಲಿ ಎರಡನ್ನೂ ಬೆರೆಸುವುದಾದರೆ ಇದನ್ನು ಮೊದಲೇ ಹೇಳಿಬಿಡಿ. ಕೊಳ್ಳುವಾಗ 66 ಪುಸ್ತಕದ ಪ್ರತಿಯೋ, ಕಥೋಲಿಕರ 73 ಪುಸ್ತಕದ್ದೋ ಕೇಳಿ ತೆಗೆದುಕೊಳ್ಳಿ.

ಆ್ಯಪ್ ಉಪಯೋಗಕ್ಕೆ ಬರುವುದು ಹೋಲಿಸಿ ನೋಡುವುದಕ್ಕೆ. ವಚನದ ಮೇಲೆ ಬೆರಳಿಟ್ಟು ಇನ್ನೊಂದು ಅನುವಾದ ತೆರೆಯಬಹುದು, ತೆಲುಗಿನದಾಗಲಿ, ಕೆಜಿಎಫ್ ಕಡೆಯವರಿಗೆ ತಮಿಳಿನದಾಗಲಿ. ಅಜ್ಜಿಯಂದಿರು ತಟ್ಟನೆ 'ಓ, ಇದಾ' ಅನ್ನುವುದು ಅಲ್ಲೇ. ನೆಟ್ ಇಲ್ಲದ ಊರಿಗೆ ಹೋಗುವುದಾದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಎಲ್ಲಾ ಅನುವಾದಕ್ಕೂ ಆ ಸೌಲಭ್ಯ ಇಲ್ಲ. ಸತತವಾಗಿ ಎಷ್ಟು ದಿನ ತೆರೆದಿರಿ ಅಂತ ಆ್ಯಪ್ ಲೆಕ್ಕ ಇಡುತ್ತದೆ. ತೆರೆದದ್ದರ ಲೆಕ್ಕ ಅದು, ನಡೆದದ್ದರದಲ್ಲ. ಕೂಟದಲ್ಲಿ ಫೋನ್ ವಚನ ಓದುವವರ ಕೈಯಲ್ಲಿ ಮಾತ್ರ ಇರಲಿ. ಉಳಿದವರ ಕೈಗೆ ಬಂದರೆ ವಾಟ್ಸಾಪ್ ಪ್ರಾರ್ಥನೆಗಿಂತ ಮುಂಚೆ ತೆರೆಯುತ್ತದೆ.

ಇನ್ನು ನೋಟ್‌ಬುಕ್. ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡುವ ಈ ಕ್ರಮ ಡಿಸ್ಕವರಿ ಬೈಬಲ್ ಸ್ಟಡಿ (ಗುಂಪಾಗಿ ಓದಿ, ತಾವೇ ಅರ್ಥ ಕಂಡುಕೊಳ್ಳುವ ಕ್ರಮ) ನಡೆಸುವವರಿಗೆ ಪರಿಚಿತ. ಮೊದಲ ಅಂಕಣದಲ್ಲಿ ವಚನವನ್ನು ಇದ್ದ ಹಾಗೇ ನಕಲು ಮಾಡುವುದು, ಎರಡನೆಯದರಲ್ಲಿ ಅದನ್ನೇ ಮನೆಮಾತಿನಲ್ಲಿ ಬರೆಯುವುದು, ಮೂರನೆಯದರಲ್ಲಿ 'ನಾನು' ಅಂತ ಶುರುಮಾಡಿ ಮಾಡಲಿರುವ ಕೆಲಸ. ಒಂದು ಕೂಟಕ್ಕೆ 8ರಿಂದ 10 ವಚನ ಸಾಕು, ಬರವಣಿಗೆ ರೂಢಿ ಇಲ್ಲದವರಿಗೆ 5. ಒಟ್ಟು ಒಂದೂವರೆ ಗಂಟೆ. ಅದರಲ್ಲಿ ಮೊದಲ 15 ನಿಮಿಷ ಹೋದ ವಾರದ ಮೂರನೇ ಅಂಕಣಕ್ಕೇ ಮೀಸಲು, ಹಾಡಿಗಿಂತ ಮುಂಚೆ. ಈ 15 ನಿಮಿಷವನ್ನು ಕೊನೆಗೆ ತಳ್ಳಿದರೆ ಕಾಫಿ ಬಂದಿರುತ್ತದೆ, ಯಾರೂ ಕೇಳುವುದಿಲ್ಲ, ಒಂದೇ ತಿಂಗಳಲ್ಲಿ ಅಂಕಣ ಖಾಲಿ ಬೀಳುತ್ತದೆ.

ಮತ್ತಾಯ 5ರ 23, 24ನೇ ವಚನ ತೆಗೆದುಕೊಳ್ಳಿ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು. ಮೂರನೇ ಅಂಕಣದಲ್ಲಿ ಹೆಚ್ಚಿನವರು ಬರೆಯುವುದು 'ನಾನು ಎಲ್ಲರನ್ನೂ ಪ್ರೀತಿಸುತ್ತೇನೆ' ಅಂತ. ಇದನ್ನು ವಾಪಸ್ ಕೊಡಿ. ಮುಂದಿನ ವಾರ ಹೌದು ಅಥವಾ ಇಲ್ಲ ಅನ್ನಲು ಬಾರದ್ದು ಈ ಅಂಕಣಕ್ಕೆ ಸಲ್ಲದು. ಸರಿಯಾದದ್ದು ಹೀಗಿರುತ್ತದೆ: 'ಶುಕ್ರವಾರ ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ತಮ್ಮನ ಮನೆಗೆ ಹೋಗುತ್ತೇನೆ. ಬದು ಒತ್ತಿದ್ದು ನನ್ನದೇ ತಪ್ಪು ಅಂತ ಹೇಳುತ್ತೇನೆ. ಕಲ್ಲು ಹಿಂದಕ್ಕೆ ನೆಡುತ್ತೇನೆ.' ಯಾವ ದಿನ, ಯಾರ ಹತ್ತಿರ, ಏನು, ಮೂರೂ ಇದೆ. ಆ ಕೊನೆಯ ವಾಕ್ಯಕ್ಕೇ ಪೆನ್ನು ನಿಲ್ಲುತ್ತದೆ. ಕ್ಷಮೆ ಕೇಳುವುದು ಸುಲಭ, ಕಲ್ಲು ಕೀಳುವುದು ಕಷ್ಟ. ಯೇಸುವನ್ನು ಮನೆಗೆ ಕರೆದುಕೊಂಡ ಸುಂಕದವ ಜಕ್ಕಾಯನೂ ಬಾಯಿಮಾತಿಗೆ ನಿಲ್ಲಿಸಲಿಲ್ಲ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಲೆಕ್ಕ ಹೇಳಿದ. ಯಾಜಕಕಾಂಡ 19ರ ತೂಕ, ಅಳತೆಯ ಮಾತು ಓದಿದ ವಾರ ಟೊಮೆಟೊ ಬೆಳೆಯುವವರ ಅಂಕಣದಲ್ಲಿ ಬಾಕ್ಸ್ ಬರಬೇಕು: ಮೇಲೆ ಇಟ್ಟ ಸೈಜೇ ಕೆಳಗೂ ಇದೆಯಾ?

ಸತ್ಯವೇದ ಕೇಳುವ 'ಪೂರ್ಣಮನಸ್ಸು' ಅನ್ನುವುದನ್ನು ಭಾವನೆ ಅಂದುಕೊಂಡರೆ ಈ ನೋಟ್‌ಬುಕ್ ಕೆಲಸ ಮಾಡುವುದಿಲ್ಲ. ಮೋಶೆ ಕಾನಾನ್ ದೇಶ ನೋಡಿ ಬರಲು ಕಳಿಸಿದವರಲ್ಲಿ ಒಬ್ಬನಾದ ಕಾಲೇಬನ ಬಗ್ಗೆ ಅರಣ್ಯಕಾಂಡ 14ರಲ್ಲಿ ಬರುವ ಹೀಬ್ರೂ ಮಾತಿನ ಅಕ್ಷರಾರ್ಥ ದೇವರ 'ಹಿಂದೆ ತುಂಬಿದ' ಅಂತ, ನಡುವೆ ಸಂದು ಬಿಡದೆ ಹಿಂಬಾಲಿಸಿದ ಅಂದಹಾಗೆ. 40ನೇ ವಯಸ್ಸಿನಲ್ಲಿ ದೇಶ ನೋಡಿ ಬಂದವನು 85ರಲ್ಲಿ ಕೇಳಿದ್ದು ದೈತ್ಯರಂಥ ಅನಾಕ್ಯರಿದ್ದ ಬೆಟ್ಟವನ್ನು, ಸಲೀಸಾದ ಜಾಗವನ್ನಲ್ಲ. ಇದಕ್ಕೆ ಎದುರಾಗಿ 2 ಪೂರ್ವಕಾಲವೃತ್ತಾಂತ 25ರ ಅರಸ ಅಮಚ್ಯ. ಮಾಡಿದ್ದು ಸರಿಯೇ, ಮನಸ್ಸು ಮಾತ್ರ ಪೂರ್ತಿ ಇರಲಿಲ್ಲ. ಇಬ್ಬರನ್ನೂ ಒಂದೇ ಕೂಟದಲ್ಲಿ ಓದಿಸಿದರೆ ಚರ್ಚೆ ತಾನಾಗಿಯೇ ಬಿಸಿಯೇರುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು, ಉತ್ಸಾಹದಲ್ಲಿ ಐದಾರು ಕೆಲಸ ಬರೆಯುವುದು. ವಾರಕ್ಕೆ ಒಂದೇ. ಮಾಡಲಾಗದಿದ್ದರೆ ಅದೇ ಮತ್ತೆ, ಹೊಸದು ಬೇಡ. ಎರಡನೆಯದು, ಕೂಟ ನಡೆಸುವವರು ಬೇರೆಯವರ ಅಂಕಣ ತುಂಬುವುದು. 'ಬ್ರದರ್, ನೀವು ಇದನ್ನು ಬರೀರಿ' ಅಂದ ಕ್ಷಣ ಅದು ದೇವರ ಮಾತು ಕೇಳುವುದಾಗಿ ಉಳಿಯದೆ ಬ್ರದರ್ ಮಾತು ಕೇಳುವುದಾಗುತ್ತದೆ. ಮದುವೆ, ಜಮೀನು ಮಾರಾಟ, ಎಷ್ಟು ಕಾಣಿಕೆ, ಇವನ್ನು ನಾಯಕರು ಬಾಯಿಬಿಟ್ಟು ಬರೆಸಿದರೆ ಕೂಟವನ್ನೇ ಬದಲಿಸಿ. ಮೂರನೆಯದು, ಕಂಡ ಆಜ್ಞೆಯೆಲ್ಲ ತನಗೇ ಅಂದುಕೊಳ್ಳುವುದು. ಯಾರಿಗೆ, ಯಾಕೆ ಹೇಳಿದ್ದು ಅನ್ನುವುದು ಎರಡನೇ ಅಂಕಣದಲ್ಲೇ ತೀರ್ಮಾನವಾಗಬೇಕು. 'ನಂಬಿಕೆಯಿಂದ ಬಿಪಿ ಮಾತ್ರೆ ನಿಲ್ಲಿಸುತ್ತೇನೆ' ಅಂತ ಯಾರಾದರೂ ಬರೆದರೆ ಅಲ್ಲೇ ಹೊಡೆದುಹಾಕಿಸಿ. ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದವನು ಪೌಲನೇ. ಇನ್ನು ಅಂಕಣವನ್ನು ಎಲ್ಲರ ಮುಂದೆ ಓದಿಸುವ ವಿಚಾರ: ಬದುವಿನ ಕಲ್ಲು ಓದಬಹುದು, ಮನೆಯೊಳಗಿನದ್ದನ್ನು ಒಬ್ಬರ ಹತ್ತಿರ ಮಾತ್ರ. ಗಂಡಸು ಗಂಡಸಿಗೆ, ಹೆಂಗಸು ಹೆಂಗಸಿಗೆ ಅಂತ ಇಟ್ಟುಕೊಂಡರೆ ಊರಿನಲ್ಲಿ ಮಾತು ಬೆಳೆಯುವುದಿಲ್ಲ.

ಓದಲು ಬಾರದವರಿಗೂ ಇದು ನಡೆಯುತ್ತದೆ. ಭಾಗವನ್ನು ಮೂರು ಸಲ ಓದಿ ಹೇಳಿ, ಅವರ ಬಾಯಲ್ಲಿ ಕಥೆ ತಿರುಗಿ ಬರಲಿ, ಮೂರನೇ ಅಂಕಣವನ್ನು ಮೊಮ್ಮಗಳು ಬರೆದುಕೊಡಲಿ. ಸತ್ಯವೇದದಲ್ಲೇ ಗುರುತು ಹಾಕುವ ಆಸೆ ಇದ್ದರೆ ಜೆಲ್ ಪೆನ್ ಬೇಡ. ತೆಳು ಕಾಗದದಲ್ಲಿ ಶಾಯಿ ಹಿಂಬದಿಗೆ ಇಳಿದು, ಆ ಬದಿಯ ವಚನವೂ ಓದಲಾಗದಂತಾಗುತ್ತದೆ. ಬಣ್ಣದ ಪೆನ್ಸಿಲ್ ಸಾಕು.