ಪೊಕ್ಮೊನ್ ಹಾರ್ಟ್‌ಗೋಲ್ಡ್: ದೀರ್ಘಕಾಲ ಆಡಿದ ವಿದ್ಯಾರ್ಥಿಯೊಬ್ಬರ ವಿಮರ್ಶೆ

ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಕ್ಕಾಗಿ 2009ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿಯೂ 2010ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿಯೂ ಬಿಡುಗಡೆಯಾದ ‘ಪೊಕ್ಮೊನ್ ಹಾರ್ಟ್‌ಗೋಲ್ಡ್’ ಆಟವನ್ನು ನಾನು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಆಡಲು ಆರಂಭಿಸಿದೆ. ಇಂಜಿನಿಯರಿಂಗ್‌ನ ಆರನೆಯ ಸೆಮಿಸ್ಟರ್ ನಡೆಯುತ್ತಿರುವ ಈಗಲೂ ಅದನ್ನು ಬದಿಗಿಟ್ಟಿಲ್ಲ. ಕೊಂಡ ಹೊಸತರಲ್ಲಿ ಬರೆಯುವ ವಿಮರ್ಶೆಗಳಿಗೆ ದಕ್ಕದ ಕೆಲವು ಗುಣಗಳೂ ಅಷ್ಟೇ ದೊಡ್ಡ ಕೆಲವು ಕೊರತೆಗಳೂ ಇಷ್ಟು ಕಾಲದ ಒಡನಾಟದಲ್ಲಿ ತಿಳಿದುಬಂದಿರುವುದರಿಂದ, ಹಳೆಯ ಡಿಎಸ್ ಒಂದನ್ನು ಕೊಳ್ಳುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಬಿಡುವು ಚೂರುಚೂರಾಗಿ ಸಿಗುವ ಕಾಲೇಜು ವಿದ್ಯಾರ್ಥಿಗೆ ಇದಕ್ಕಿಂತ ಚೆನ್ನಾಗಿ ಒಗ್ಗುವ ರೋಲ್ ಪ್ಲೇಯಿಂಗ್ ಆಟವನ್ನು ನಾನು ಕಂಡಿಲ್ಲ. ಆದರೆ ಆಟದ ಉತ್ತರಾರ್ಧವು ಪೂರ್ವಾರ್ಧದಷ್ಟು ಜಾಣತನದಿಂದ ರಚಿತವಾಗಿಲ್ಲ.

ಇದು ಹೊಚ್ಚಹೊಸ ಆಟವೇನಲ್ಲ. 1999ರಲ್ಲಿ ಗೇಮ್ ಬಾಯ್‌ಗೆ ಬಂದಿದ್ದ ‘ಗೋಲ್ಡ್’ ಆಟವನ್ನೇ ಗೇಮ್ ಫ್ರೀಕ್ ಸಂಸ್ಥೆಯು ಹತ್ತು ವರ್ಷಗಳ ನಂತರ ಡಿಎಸ್‌ನ ಎರಡು ಪರದೆಗಳಿಗಾಗಿ ಪುನಃ ಕಟ್ಟಿದೆ. ಇದರ ಜೋಡಿ ಆವೃತ್ತಿ ‘ಸೋಲ್‌ಸಿಲ್ವರ್’; ಸಿಗುವ ಕೆಲವು ಪ್ರಾಣಿಗಳನ್ನು ಬಿಟ್ಟರೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಜೋಟೊ ಎಂಬ ನಾಡಿನಲ್ಲಿ ಊರೂರು ತಿರುಗುತ್ತ, ಪೊಕ್ಮೊನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಪಳಗಿಸಿ, ಜಿಮ್ ಎಂಬ ಎಂಟು ಕಾಳಗದ ಅಖಾಡಗಳ ನಾಯಕರನ್ನು ಸೋಲಿಸಿ ಬ್ಯಾಡ್ಜ್ ಪಡೆಯುವುದು ಸ್ಥೂಲವಾಗಿ ಇದರ ಕಥೆ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ ಎಂಬಷ್ಟು ಸರಳವಾದ ನಿಯಮದಿಂದ ಆರಂಭವಾಗುವ ಕಾಳಗವು ಕ್ರಮೇಣ ಸಾಕಷ್ಟು ಲೆಕ್ಕಾಚಾರವನ್ನು ಬೇಡುತ್ತದೆ. ಸರದಿಯ ಪ್ರಕಾರ ನಡೆಯುವ ಕಾಳಗವಾದ್ದರಿಂದ ಬೆರಳಿನ ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಜನ ನುಗ್ಗಿದಾಗ ಡಿಎಸ್‌ನ ಮುಚ್ಚಳ ಮುಚ್ಚಿದರೆ ಆಟ ಇದ್ದಲ್ಲಿಯೇ ನಿದ್ರೆಗೆ ಜಾರುತ್ತದೆ, ನೂಕುನುಗ್ಗಲು ಕರಗಿದ ಮೇಲೆ ತೆರೆದರೆ ಎದುರಾಳಿ ಹಾಗೆಯೇ ಕಾದು ನಿಂತಿರುತ್ತಾನೆ.

ಈ ಆಟ ಹಿಡಿಸಲು ಮುಖ್ಯ ಕಾರಣ ಅದರ ಗಡಿಯಾರ. ಆಟದೊಳಗಿನ ಹಗಲು ರಾತ್ರಿಗಳು ಯಂತ್ರದ ಗಡಿಯಾರವನ್ನೇ ಅನುಸರಿಸುವುದರಿಂದ, ವಿಜಯನಗರದಲ್ಲಿ ಕತ್ತಲಾದ ಮೇಲೆ ಜೋಟೊದಲ್ಲಿಯೂ ಕತ್ತಲೆಯೇ. ಹಗಲಿನಲ್ಲಿ ಎಷ್ಟು ಅಲೆದರೂ ಕಣ್ಣಿಗೆ ಬೀಳದ ಹೂಟ್‌ಹೂಟ್ ಎಂಬ ಗೂಬೆ ರಾತ್ರಿ ಹುಲ್ಲಿಗೆ ಕಾಲಿಟ್ಟರೆ ಎದುರಾಗುತ್ತದೆ. ವಾರದ ದಿನಗಳಿಗೂ ಇಲ್ಲಿ ಅರ್ಥವಿದೆ. ಯೂನಿಯನ್ ಗುಹೆಯ ತಳದಲ್ಲಿರುವ ನೀರಿನಲ್ಲಿ ಲ್ಯಾಪ್ರಸ್ ಕಾಣಿಸಿಕೊಳ್ಳುವುದು ಶುಕ್ರವಾರ ಮಾತ್ರ. ನ್ಯಾಷನಲ್ ಪಾರ್ಕ್‌ನಲ್ಲಿ ಕೀಟ ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ ಮತ್ತು ಶನಿವಾರ ನಡೆಯುತ್ತದೆ. ಅಝೇಲಿಯಾ ಊರಿನ ಕರ್ಟ್ ಎಂಬ ಮುದುಕನಿಗೆ ಏಪ್ರಿಕಾರ್ನ್ ಕಾಯಿಗಳನ್ನು ಕೊಟ್ಟರೆ ಪೊಕ್ಮೊನ್ ಹಿಡಿದಿಡುವ ಚೆಂಡು ತಯಾರಾಗಿ ಕೈಸೇರುವುದು ಮರುದಿನ. ಹೀಗಾಗಿ ಒಂದೇ ಪಟ್ಟಿನಲ್ಲಿ ಕುಳಿತು ಎಲ್ಲವನ್ನೂ ಮುಗಿಸಿಬಿಡುತ್ತೇನೆ ಎಂದು ಹೊರಟವರಿಗೆ ಈ ಆಟ ಸೊಪ್ಪು ಹಾಕುವುದಿಲ್ಲ, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲವರನ್ನು ಹಿಂದೆಯೂ ಬಿಡುವುದಿಲ್ಲ. ಇಂಟರ್ನಲ್ಸ್ ಹತ್ತಿರ ಬಂದಾಗ ನಾನು ಕರ್ಟ್‌ಗೆ ಕಾಯಿ ಕೊಟ್ಟು, ಸೇವ್ ಮಾಡಿ, ಪುಸ್ತಕ ಹಿಡಿಯುತ್ತೇನೆ. ಈಗಿನ ಮೊಬೈಲ್ ಆಟಗಳೂ ಇದೇ ರೀತಿ ಕಾಯಿಸುತ್ತವೆ, ಆದರೆ ಕಾಯಲಾರದವರಿಂದ ಹಣ ಕೀಳುವುದಕ್ಕಾಗಿ ಕಾಯಿಸುತ್ತವೆ. ಕರ್ಟ್‌ಗೆ ದುಡ್ಡು ಕೊಟ್ಟು ಅವಸರಪಡಿಸುವ ಮಾರ್ಗವೇ ಇಲ್ಲ.

ಎರಡನೆಯ ಸೊಗಸು, ತಂಡದ ಮೊದಲ ಪೊಕ್ಮೊನ್ ಚೆಂಡಿನಿಂದ ಹೊರಬಂದು ನಮ್ಮ ಹಿಂದೆಯೇ ನಡೆಯುವುದು. ಹಿಂದೆ ‘ಯೆಲ್ಲೊ’ ಆವೃತ್ತಿಯಲ್ಲಿ ಪಿಕಾಚುವಿಗೆ ಮಾತ್ರ ಈ ಭಾಗ್ಯವಿತ್ತು. ಇಲ್ಲಿ ಆಗಿದ್ದ 493 ಪೊಕ್ಮೊನ್‌ಗಳಿಗೂ ನಡಿಗೆಯ ಚಿತ್ರಗಳನ್ನು ಬರೆದಿದ್ದಾರೆ. ತಿರುಗಿ ನಿಂತು ಗುಂಡಿ ಒತ್ತಿದರೆ ಅದು ಕುಣಿಯುತ್ತದೆ, ಮುನಿಸಿಕೊಳ್ಳುತ್ತದೆ, ಕೆಲವೊಮ್ಮೆ ನೆಲದಲ್ಲಿ ಬಿದ್ದಿದ್ದ ಏನನ್ನೋ ಹೆಕ್ಕಿ ಕೊಡುತ್ತದೆ. ಸ್ಟೀಲಿಕ್ಸ್‌ನಂತಹ ಭಾರೀ ದೇಹದವು ಮನೆಗಳ ಒಳಗೆ ಬರುವುದಿಲ್ಲ ಎಂಬ ಸಣ್ಣ ಔಚಿತ್ಯವನ್ನೂ ಮರೆತಿಲ್ಲ. ಕಾಳಗಕ್ಕೆ ಇದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ, ಆದರೂ ಇದನ್ನು ಕಂಡ ಮೇಲೆ ಉಳಿದ ಆವೃತ್ತಿಗಳ ದಾರಿಗಳು ನನಗೆ ಬಿಕೋ ಎನ್ನಿಸಿದವು.

ಕಾಳಗದ ವಿನ್ಯಾಸ ಎಷ್ಟು ಹದವಾಗಿದೆ ಎಂಬುದನ್ನು ತಿಳಿಯಲು ಮೂರನೆಯ ಜಿಮ್ ಒಂದನ್ನೇ ನೋಡಿದರೆ ಸಾಕು. ಗೋಲ್ಡನ್‌ರಾಡ್ ನಗರದ ವಿಟ್ನಿ ಎಂಬ ನಾಯಕಿಯ ಬಳಿ ಲೆವೆಲ್ (ಬಲದ ಮಟ್ಟ) 19ರ ಮಿಲ್‌ಟ್ಯಾಂಕ್ ಎಂಬ ಹಸುವಿದೆ. ಅದರ ‘ರೋಲ್‌ಔಟ್’ ಎಂಬ ಉರುಳಾಟದ ಶಕ್ತಿ ಮೊದಲ ಸರದಿಯಲ್ಲಿ ಕೇವಲ 30. ತಪ್ಪದೆ ತಗಲುತ್ತ ಹೋದರೆ 60, 120, 240, ಕೊನೆಗೆ 480. ರುಬ್ಬುವ ಗುಂಡು ಇಳಿಜಾರಿಗೆ ಬಿದ್ದಂತೆ ಅದು ಸಾಲಾಗಿ ನಿಂತ ತಂಡವನ್ನೆಲ್ಲ ಅರೆದು ಹಾಕುತ್ತದೆ. ಕಷ್ಟಪಟ್ಟು ಅರ್ಧ ಪ್ರಾಣ ಇಳಿಸುವಷ್ಟರಲ್ಲಿ ಹಾಲು ಕುಡಿದು ಚೇತರಿಸಿಕೊಳ್ಳುತ್ತದೆ. ಹಿಂದಿನ ಆಟದಲ್ಲಿ ಗಾಸ್ಟ್‌ಲಿಯಂತಹ ಭೂತದ ಮೇಲೆ ಈ ಹಸುವಿನ ತುಳಿತ ನಾಟುತ್ತಿರಲಿಲ್ಲ. ಇಲ್ಲಿ ಮಿಲ್‌ಟ್ಯಾಂಕ್‌ಗೆ ‘ಸ್ಕ್ರಾಪಿ’ ಎಂಬ ಗುಣವನ್ನು ಕೊಟ್ಟು ಆ ಕಳ್ಳದಾರಿಯನ್ನೂ ಮುಚ್ಚಿದ್ದಾರೆ. ಆದರೆ ಉತ್ತರ ಅದೇ ಊರಿನಲ್ಲಿದೆ. ನಗರದ ದಕ್ಷಿಣಕ್ಕಿರುವ ದಾರಿಯಲ್ಲಿ ಡ್ರೌಝಿಯನ್ನು ಹಿಡಿದು ಡಿಪಾರ್ಟ್‌ಮೆಂಟ್ ಸ್ಟೋರಿನ ಐದನೆಯ ಮಹಡಿಗೆ ಒಯ್ದರೆ, ಒಬ್ಬ ವ್ಯಕ್ತಿ ಅದಕ್ಕೆ ಬದಲಾಗಿ ಮಚಾಪ್ ಕೊಡುತ್ತಾನೆ. ಮಚಾಪ್‌ನ ಮಲ್ಲಯುದ್ಧದ ಪಟ್ಟುಗಳು ಮಿಲ್‌ಟ್ಯಾಂಕ್‌ಗೆ ಇಮ್ಮಡಿ ಏಟು ಕೊಡುತ್ತವೆ; ಮಿಲ್‌ಟ್ಯಾಂಕ್‌ನ ಉರುಳಾಟ ಮಚಾಪ್‌ಗೆ ಅರ್ಧದಷ್ಟೇ ತಾಗುತ್ತದೆ. ಪರಿಹಾರವನ್ನು ಆಟಗಾರನ ಕಣ್ಣೆದುರಿಗೇ ಇಟ್ಟು, ಹುಡುಕಿಕೊಳ್ಳುವ ಕೆಲಸವನ್ನು ಅವನಿಗೇ ಬಿಡುವ ಈ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಸೋತ ಮೇಲೆ ವಿಟ್ನಿ ಬ್ಯಾಡ್ಜ್ ಕೊಡದೆ ಅಳುತ್ತ ನಿಲ್ಲುವುದು ಇನ್ನೊಂದು ತಮಾಷೆ.

ಆಟದ ಪೆಟ್ಟಿಗೆಯಲ್ಲಿಯೇ ಬರುತ್ತಿದ್ದ ಪೊಕೆವಾಕರ್ ಎಂಬ ಪುಟ್ಟ ಯಂತ್ರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇದು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಸಾಧನ. ಆಟವನ್ನು ತುಂಬಿಕೊಂಡ ಕಾರ್ಟ್ರಿಜ್‌ನೊಳಗಿರುವ ಇನ್‌ಫ್ರಾರೆಡ್ ಮೂಲಕ ಒಂದು ಪೊಕ್ಮೊನ್ ಅನ್ನು ಇದಕ್ಕೆ ಇಳಿಸಿಕೊಂಡು ಹೊರಟರೆ, ಪ್ರತಿ 20 ಹೆಜ್ಜೆಗೆ ‘ವ್ಯಾಟ್’ ಎಂಬ ಒಂದು ಅಂಕ ಜಮೆಯಾಗುತ್ತದೆ. 10 ವ್ಯಾಟ್ ಖರ್ಚು ಮಾಡಿ ಹುಲ್ಲಿನಲ್ಲಿ ಅಡಗಿದ ಪೊಕ್ಮೊನ್ ಹುಡುಕಬಹುದು, 3 ವ್ಯಾಟ್ ಕೊಟ್ಟು ಹೂತಿಟ್ಟ ವಸ್ತು ಹುಡುಕಬಹುದು. ಹೆಚ್ಚು ವ್ಯಾಟ್ ಕೂಡಿದಂತೆ ಹೊಸ ತಾಣಗಳು ತೆರೆದುಕೊಳ್ಳುತ್ತವೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್‌ನಲ್ಲಿ ಸುತ್ತು ಹಾಕುವಾಗ ಇದು ನನ್ನ ಜೊತೆಗಿರುತ್ತದೆ. ನಡಿಗೆಯಿಂದ ಎಷ್ಟೇ ಅನುಭವ ಸೇರಿದರೂ ಒಂದು ಸುತ್ತಿಗೆ ಒಂದೇ ಲೆವೆಲ್ ಏರುವಂತೆ ಮಿತಿ ಹಾಕಿರುವುದರಿಂದ ಆಟದ ಸಮತೋಲ ಕೆಡುವುದಿಲ್ಲ. ಆದರೆ ಹೆಜ್ಜೆಗೂ ಕುಲುಕಾಟಕ್ಕೂ ಇರುವ ಭೇದ ಈ ಯಂತ್ರಕ್ಕೆ ಅಷ್ಟಾಗಿ ತಿಳಿಯದು. ನಮ್ಮ ರಸ್ತೆಗುಂಡಿಗಳ ಮೇಲೆ ಬಿಎಂಟಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಬಂದರೂ ಕೆಲವು ವ್ಯಾಟ್ ಗಳಿಕೆಯಾಗುತ್ತದೆ. ಗುಂಡಿಗಳಿಂದ ಇಷ್ಟಾದರೂ ಲಾಭವಾಗಲಿ ಎಂದು ನಾನು ಆಕ್ಷೇಪಿಸಿಲ್ಲ. ಇದಕ್ಕೆ ಬೇಕಾದ ಸಿಆರ್2032 ಬ್ಯಾಟರಿ ಯಾವ ಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ.

ಮೋಜಿನ ಸಂಗತಿಗಳು ಇನ್ನೂ ಇವೆ. ಕಥಾನಾಯಕನ ತಾಯಿ ಅವನ ಗಳಿಕೆಯಲ್ಲಿ ಒಂದು ಭಾಗವನ್ನು ಉಳಿತಾಯವೆಂದು ತೆಗೆದಿಟ್ಟು, ಆಮೇಲೆ ಅದೇ ದುಡ್ಡಿನಲ್ಲಿ ತನಗೆ ತೋಚಿದ್ದನ್ನು ಕೊಂಡು, ಫೋನ್ ಮಾಡಿ ತಿಳಿಸುತ್ತಾಳೆ. ನನ್ನ ಅಮ್ಮನಿಗೆ ಇದನ್ನು ಹೇಳಿದಾಗ ಅವರು ಅದರಲ್ಲಿ ವಿಶೇಷವೇನಿದೆ ಎಂದು ಕೇಳಿದರು. ಜೂಜಿನ ಯಂತ್ರಗಳನ್ನು ತೆಗೆದು ಆ ಜಾಗದಲ್ಲಿ ಇಟ್ಟಿರುವ ‘ವೋಲ್ಟಾರ್ಬ್ ಫ್ಲಿಪ್’ ಎಂಬ ಐದು ಸಾಲು, ಐದು ಕಂಬಗಳ ಚೀಟಿಯಾಟವಂತೂ ತನ್ನಷ್ಟಕ್ಕೇ ಒಂದು ಒಳ್ಳೆಯ ಆಟ. ಪ್ರತಿ ಸಾಲಿನ ಅಂಕಿಗಳ ಮೊತ್ತವೂ ಅದರಲ್ಲಿ ಅಡಗಿರುವ ಸ್ಫೋಟಕಗಳ ಸಂಖ್ಯೆಯೂ ಅಂಚಿನಲ್ಲಿರುತ್ತವೆ. ಉಳಿದದ್ದನ್ನು ತರ್ಕದಿಂದ ಊಹಿಸಬೇಕು. ನಾಣ್ಯಗಳನ್ನು ಹಣ ಕೊಟ್ಟು ಕೊಳ್ಳುವಂತಿಲ್ಲವಾದ್ದರಿಂದ, 2,100 ನಾಣ್ಯಗಳ ಡ್ರಟೀನಿ ಎಂಬ ಪೊಕ್ಮೊನ್‌ಗಾಗಿ ಇದನ್ನು ಆಡದೆ ವಿಧಿಯಿಲ್ಲ. ಪ್ರಾಬಬಿಲಿಟಿಯ ಪಾಠಕ್ಕೆ ಇದರಿಂದ ನೆರವಾಯಿತು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಪಾಠ ಬೇಸರವೆನಿಸಲಿಲ್ಲ.

ಇನ್ನು ಕೊರತೆಗಳು. ಅತಿ ದೊಡ್ಡದು ಲೆವೆಲ್‌ಗಳ ಏರಿಳಿತ. ಜೋಟೊದ ಮಧ್ಯಭಾಗದಲ್ಲಿ ಯಾವ ದಿಕ್ಕಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯವನ್ನು ಕೊಡಲು ಎಲ್ಲೆಡೆಯೂ ಎದುರಾಳಿಗಳನ್ನು ದುರ್ಬಲರನ್ನಾಗಿಯೇ ಇರಿಸಿದ್ದಾರೆ. ಇದರ ಫಲವಾಗಿ ಎಂಟನೆಯ ಜಿಮ್ ದಾಟುವ ಹೊತ್ತಿಗೆ ನಮ್ಮ ತಂಡ ಬೆಳೆದಿರುವುದಿಲ್ಲ, ಬೆಳೆಸಿಕೊಳ್ಳಲು ತಕ್ಕ ಜಾಗವೂ ಸುತ್ತಮುತ್ತ ಇರುವುದಿಲ್ಲ. ಆಗ ಎದುರಾಗುವ ಚಾಂಪಿಯನ್ ಲ್ಯಾನ್ಸ್‌ನ ಬಳಿ ಮೂರು ಡ್ರಾಗನೈಟ್‌ಗಳಿವೆ, ಲೆವೆಲ್ 49, 49 ಮತ್ತು 50. ಡ್ರಾಗನೇರ್ ಎಂಬ ಪೊಕ್ಮೊನ್ ಬೆಳೆದು ಡ್ರಾಗನೈಟ್ ಆಗುವುದು ಲೆವೆಲ್ 55ರಲ್ಲಿ ಎಂಬ ನಿಯಮ ನಮಗೆ ಮಾತ್ರ ಅನ್ವಯಿಸುತ್ತದೆ ಎಂದು ತೋರುತ್ತದೆ! ಅವನನ್ನು ಗೆದ್ದ ಮೇಲೆ ಕಾಂಟೊ ಎಂಬ ಎರಡನೆಯ ನಾಡು ಇಡಿಯಾಗಿ ತೆರೆದುಕೊಂಡು ಇನ್ನೂ ಎಂಟು ಬ್ಯಾಡ್ಜ್‌ಗಳು ಸಿಗುವುದು ಅಪೂರ್ವ ಔದಾರ್ಯವೇ ಸರಿ; ಆದರೆ ಅಲ್ಲಿ ಕಥೆ ತೆಳ್ಳಗಾಗಿ, ಒಂದು ಜಿಮ್‌ನಿಂದ ಇನ್ನೊಂದಕ್ಕೆ ಹೋಗುವುದಷ್ಟೇ ಉಳಿಯುತ್ತದೆ. ಕಟ್ಟಕಡೆಗೆ ಮೌಂಟ್ ಸಿಲ್ವರ್‌ನ ತುದಿಯಲ್ಲಿ ಮಾತೇ ಆಡದೆ ನಿಂತಿರುವ ರೆಡ್ ಎಂಬ ಕೊನೆಯ ಎದುರಾಳಿಯ ತಂಡ ಲೆವೆಲ್ 80ರಿಂದ ಆರಂಭವಾಗಿ ಪಿಕಾಚುವಿನ 88ಕ್ಕೆ ಮುಟ್ಟುತ್ತದೆ. ಕಾಂಟೊದ ಅತ್ಯಂತ ಬಲಿಷ್ಠ ಜಿಮ್ ನಾಯಕ ಬ್ಲೂನ ತಂಡ ನಿಲ್ಲುವುದೇ 60ರಲ್ಲಿ. ನಡುವಿನ ಈ ಕಂದಕವನ್ನು ತುಂಬಲು ಆಟವು ಯಾವ ಹೊಸ ಸವಾಲನ್ನೂ ಒಡ್ಡದೆ, ಸೋಲಿಸಿದವರನ್ನೇ ಮತ್ತೆ ಮತ್ತೆ ಸೋಲಿಸುವ ಕೂಲಿಗೆ ನಮ್ಮನ್ನು ಹಚ್ಚುತ್ತದೆ. ಒಂದು ಸೆಮಿಸ್ಟರ್ ರಜೆಯ ಬಹುಭಾಗ ನನ್ನದು ಇದರಲ್ಲಿಯೇ ಕಳೆಯಿತು, ಅದರಲ್ಲಿ ಸುಖವೇನೂ ಇರಲಿಲ್ಲ. ಆಟದೊಳಗೆ ಹೆಚ್ಚುವರಿ ಪೊಕ್ಮೊನ್‌ಗಳನ್ನು ಇಡುವ ಪೆಟ್ಟಿಗೆಯಲ್ಲಿ ಅವುಗಳನ್ನು ಅದಲುಬದಲು ಮಾಡಿದ ಮೇಲೆ ಸೇವ್ ಮಾಡಲು ಹೊರಟರೆ ಅದು ತೆಗೆದುಕೊಳ್ಳುವ ಹೊತ್ತು ಇನ್ನೊಂದು ಕಿರಿಕಿರಿ. ಇಳಿಯುವ ನಿಲ್ದಾಣ ಹತ್ತಿರವಾದಾಗ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಕಾಲದಿಂದಾದ ನಷ್ಟವೂ ಒಂದಿದೆ. ನಿಂಟೆಂಡೊ ತನ್ನ ವೈಫೈ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸಿದ್ದರಿಂದ, ದೂರದವರೊಡನೆ ವಿನಿಮಯ ಮಾಡಿಕೊಳ್ಳುವ ಕೇಂದ್ರ ಈಗ ಹೆಸರಿಗೆ ಮಾತ್ರ ಇದೆ. ವಿನಿಮಯವಾದರೆ ಮಾತ್ರ ಪೂರ್ಣರೂಪಕ್ಕೆ ಬರುವ ಗೆಂಗಾರ್, ಅಲಕಝಾಮ್, ಮಚ್ಯಾಂಪ್‌ಗಳು ಬೇಕೆಂದರೆ ಪಕ್ಕದಲ್ಲಿಯೇ ಇನ್ನೊಬ್ಬರು ಡಿಎಸ್ ಹಿಡಿದು ಕೂರಬೇಕು. ನನಗೆ ಕಾಲೇಜಿನಲ್ಲಿ ಒಬ್ಬ ಗೆಳೆಯ ಸಿಕ್ಕ. ಎಲ್ಲರಿಗೂ ಸಿಗುತ್ತಾರೆಂದು ಹೇಳಲಾರೆ.

ಕೊಳ್ಳುವವರಿಗೆ ಒಂದೆರಡು ಮಾತು. ಹೊಸ ಪ್ರತಿಗಳು ಅಂಗಡಿಗಳಲ್ಲಿ ಇಲ್ಲವಾದ್ದರಿಂದ ಸೆಕೆಂಡ್ ಹ್ಯಾಂಡ್ ಮಾಲೇ ಗತಿ, ಅದರಲ್ಲಿ ನಕಲಿ ಬಹಳ. ಮೇಲೆ ಹೇಳಿದ ಗೆಳೆಯನಿಗೆ ಅಂಗಡಿಯೊಂದರಲ್ಲಿ ಅಸಲಿ ಎಂದು ಹೇಳಿ ಕೊಟ್ಟ ಕಾರ್ಟ್ರಿಜ್ ಬೂದು ಬಣ್ಣದ್ದಾಗಿತ್ತು, ಪೊಕೆವಾಕರ್ ಜೊತೆ ಮಾತಾಡಲಿಲ್ಲ, ಕೆಲವು ವಾರಗಳಲ್ಲಿ ಸೇವ್ ಕೂಡ ಹಾಳಾಯಿತು. ಅಸಲಿ ಹಾರ್ಟ್‌ಗೋಲ್ಡ್ ಕಾರ್ಟ್ರಿಜ್ ಇನ್‌ಫ್ರಾರೆಡ್ ಹಾಯುವಂತೆ ಕಪ್ಪು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು. ಪ್ರಖರ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಗಾಢ ಕೆಂಪು ಛಾಯೆ ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿ ಅಂಗಡಿಯಲ್ಲಿಯೇ ನೋಡಿ, ಸಂಕೋಚ ಬೇಡ. ಪೊಕೆವಾಕರ್ ಸಹಿತ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಯಂತ್ರಕ್ಕೆ ಸಂಬಂಧಿಸಿದಂತೆ ಡಿಎಸ್ ಲೈಟ್ ಎಂಬ ಮಾದರಿಯಾದರೆ ಮುಚ್ಚಳದ ಕೀಲಿನಲ್ಲಿ ಬಿರುಕಿದೆಯೇ, ಎಲ್ ಮತ್ತು ಆರ್ ಗುಂಡಿಗಳು ಸರಿಯಾಗಿ ಒತ್ತಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಿ. ಡಿಎಸ್‌ನ ನಂತರ ಬಂದ 3ಡಿಎಸ್ ಯಂತ್ರ ಇದ್ದವರಿಗೆ ಬೇರೆಯದು ಬೇಡ, ಈ ಕಾರ್ಟ್ರಿಜ್ ಅದರಲ್ಲಿಯೂ ನಡೆಯುತ್ತದೆ. ಇದರಲ್ಲಿ ಒಂದೇ ಸೇವ್‌ಗೆ ಜಾಗವಿರುವುದರಿಂದ ಹಳೆಯ ಒಡೆಯರ ಆಟ ಒಳಗಿರುವ ಸಂಭವ ಹೆಚ್ಚು. ಶೀರ್ಷಿಕೆಯ ಪರದೆಯಲ್ಲಿ ಮೇಲ್ಮುಖ ಬಾಣ, ಸೆಲೆಕ್ಟ್ ಮತ್ತು ಬಿ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಅದನ್ನು ಅಳಿಸುವ ಪ್ರಶ್ನೆ ಬರುತ್ತದೆ. ಹೌದು ಎನ್ನುವ ಮೊದಲು ಅವರ ಪೆಟ್ಟಿಗೆಗಳನ್ನು ಒಮ್ಮೆ ತೆರೆದು ನೋಡಿ, ಬೇಕಾದದ್ದಿದ್ದರೆ ಇನ್ನೊಂದು ಕಾರ್ಟ್ರಿಜ್ ಇರುವ ಗೆಳೆಯರಿಗೆ ವಿನಿಮಯದಲ್ಲಿ ದಾಟಿಸಿಟ್ಟು ಆಮೇಲೆ ಅಳಿಸಿ.